ಮಳೆ, ಮಲ್ಲಿಗೆ ಮತ್ತು ಒಂದು ಭೇಟಿಯ ಮಾತು

ಮೇ ತಿಂಗಳು ಮುಗಿಯುತ್ತಾ ಬಂದಂತೆ ನಮ್ಮ ಕರಾವಳಿಯ ಮೊಬೈಲ್ ಫೋನುಗಳಲ್ಲಿ ಒಂದೇ ಪ್ರಶ್ನೆ ಓಡಾಡತೊಡಗುತ್ತದೆ: 'ನಿಮ್ಮಲ್ಲಿ ಮಳೆ ಉಂಟಾ?' ತೊಕ್ಕೊಟ್ಟಿನವರು ಕಾಸರಗೋಡಿನವರನ್ನು ಕೇಳುತ್ತಾರೆ. ಕಾಸರಗೋಡಿನವರು ಪುತ್ತೂರಿನವರನ್ನು ಕೇಳುತ್ತಾರೆ. ದುಬೈ, ಜುಬೈಲ್, ಮಸ್ಕತ್‌ಗಳಲ್ಲಿರುವವರು ಎಲ್ಲರನ್ನೂ ಕೇಳುತ್ತಾರೆ. ಉತ್ತರವಾಗಿ ಒಬ್ಬರು ಅಂಗಳದಲ್ಲಿ ನಿಂತ ನೀರಿನ ಚಿತ್ರ ಕಳಿಸಿದರೆ, ಇನ್ನೊಬ್ಬರು ಮಳೆಗೆ ತಲೆಬಾಗಿದ ದಾಸವಾಳದ ಚಿತ್ರ ಕಳಿಸುತ್ತಾರೆ. ಮತ್ತೊಬ್ಬರು, 'ಮಳೆ ಬಿಡಲಿ, ಒಮ್ಮೆ ಎಲ್ಲರೂ ಸೇರುವಾ' ಎಂದು ಬರೆಯುತ್ತಾರೆ. ಹತ್ತಾರು ಹೆಬ್ಬೆರಳುಗಳು ಎದ್ದು ಒಪ್ಪಿಗೆ ಸೂಚಿಸುತ್ತವೆ. ಹೀಗೆ ದಿನವೂ ಮಾತಾಡುವ ಇವರಲ್ಲಿ ಎಷ್ಟೋ ಮಂದಿ ಒಬ್ಬರನ್ನೊಬ್ಬರು ಮುಖತಃ ಕಂಡವರಲ್ಲ.

ಇದನ್ನು ಸ್ನೇಹ ಎನ್ನಬಹುದೇ? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಹಿರಿಯರ ಪ್ರಕಾರ ಇದು ಬರೀ ಕಾಲಹರಣ. ಒಟ್ಟಿಗೆ ಕೂತು ಒಂದು ಲೋಟ ಚಹಾ ಕುಡಿಯದವರ ಜೊತೆ ಎಂಥ ಗೆಳೆತನ ಎಂದು ಅವರು ಕೇಳುತ್ತಾರೆ. ಕಿರಿಯರ ಪ್ರಕಾರ ಇದುವೇ ಈ ಕಾಲದ ಗೆಳೆತನ. ಪಕ್ಕದ ಮನೆಯವರಿಗೆ ಹೇಳಲಾಗದ್ದನ್ನು ಇವರಿಗೆ ಹೇಳಬಹುದು ಎನ್ನುತ್ತಾರೆ ಅವರು. ಎರಡು ಮಾತಿನಲ್ಲೂ ಹುರುಳಿದೆ. ಆದರೆ ಮಾತು ಮೊಬೈಲಿನಲ್ಲಿ ನಡೆಯುತ್ತದೋ ಜಗಲಿಯಲ್ಲಿ ನಡೆಯುತ್ತದೋ ಎಂಬುದರಿಂದ ಈ ಪ್ರಶ್ನೆ ಇತ್ಯರ್ಥವಾಗದು. 'ಸೇರುವಾ' ಎಂದು ಹೇಳಿದ ಮೇಲೆ ಆ ಮಾತನ್ನು ನಾವು ಏನು ಮಾಡುತ್ತೇವೆ ಎಂಬುದನ್ನು ನೋಡಬೇಕು. ನಮ್ಮ ಊರಿನ ಮಟ್ಟಿಗಂತೂ ಅದು ಸಣ್ಣ ಸಂಗತಿಯಲ್ಲ.

ಮಳೆಯ ಮಾತು ಹಗುರವೇ?

ಹವೆಯ ಬಗ್ಗೆ ಆಡುವ ಮಾತನ್ನು ನಾವು ಬೇರೆ ವಿಷಯವಿಲ್ಲದವರ ಮಾತೆಂದು ತಳ್ಳಿಹಾಕುತ್ತೇವೆ. ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಬ್ರಾನಿಸ್ಲಾವ್ ಮಲಿನೋವ್‌ಸ್ಕಿ ಅದನ್ನು ಹಾಗೆ ತಳ್ಳಿಹಾಕಲಿಲ್ಲ. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ಬದುಕಿ ಅಧ್ಯಯನ ಮಾಡಿದ ಅವರು 1923ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಇದರ ಬಗ್ಗೆ ಬರೆದರು. ಮನುಷ್ಯ ಯಾವಾಗಲೂ ಸುದ್ದಿ ತಿಳಿಸಲೆಂದೇ ಬಾಯಿ ತೆರೆಯುವುದಿಲ್ಲ. ನಾನು ನಿನ್ನ ಜೊತೆಗಿದ್ದೇನೆ, ನನ್ನಿಂದ ನಿನಗೆ ಅಪಾಯವಿಲ್ಲ ಎಂದು ತಿಳಿಸುವುದಕ್ಕೂ ಮಾತಾಡುತ್ತಾನೆ. ಕ್ಷೇಮ ವಿಚಾರಿಸುವುದು, ಹವೆಯ ಬಗ್ಗೆ ಹೇಳುವುದು ಇಂಥ ಮಾತಿಗೆ ಅವರು ಕೊಟ್ಟ ಉದಾಹರಣೆಗಳು. ಮಾತಾಡದೆ ಎದುರು ನಿಂತ ಅಪರಿಚಿತನನ್ನು ಕಂಡರೆ ಮನುಷ್ಯನಿಗೆ ಅಂಜಿಕೆಯಾಗುತ್ತದೆ. ಒಂದು ಮಾತು ಆ ಅಂಜಿಕೆಯನ್ನು ಕಳೆಯುತ್ತದೆ. ನಾವು ಎದುರು ಸಿಕ್ಕವರಿಗೆ ಸಲಾಂ ಹೇಳುವುದರ ಹಿಂದೆಯೂ ಇದೇ ಭರವಸೆ ಇದೆಯಲ್ಲವೇ?

ನಮ್ಮ ಜಿಲ್ಲೆಯಲ್ಲಿ ಮಳೆಯ ಮಾತಿಗೆ ಇನ್ನೂ ಒಂದು ಭಾರವಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳ ಕಡಲ ದಂಡೆಯಲ್ಲಿ ಮಳೆಗಾಲವೆಂದರೆ ಕಡಲ್ಕೊರೆತದ ಕಾಲ. ಒಳನಾಡಿನಲ್ಲಿ ಗುಡ್ಡ ಕಡಿದು ಕಟ್ಟಿದ ಮನೆಗಳಿಗೆ ಹಿಂದಿನ ಮಣ್ಣಿನ ಭಯ. 2024ರ ಜೂನ್ 26ರಂದು ತೊಕ್ಕೊಟ್ಟಿನ ಸಮೀಪದ ಕುತ್ತಾರು ಮದನಿ ನಗರದಲ್ಲಿ ಪಕ್ಕದ ಮನೆಯ ಕಂಪೌಂಡ್ ಗೋಡೆ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಹೋದರು. ಮರುವರ್ಷ, 2025ರ ಮೇ 30ರಂದು, ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಒಬ್ಬ ಅಜ್ಜಿಯೂ ಇಬ್ಬರು ಪುಟ್ಟ ಮೊಮ್ಮಕ್ಕಳೂ ಮಣ್ಣಿನಡಿಯಲ್ಲಿ ಪ್ರಾಣ ಬಿಟ್ಟರು. ಅದೇ ದಿನ ದೇರಳಕಟ್ಟೆ ಬಳಿಯ ಬೆಳ್ಮದಲ್ಲಿ ಗೋಡೆ ಬಿದ್ದು ಒಬ್ಬ ಬಾಲಕಿ ಸತ್ತಳು. ಒಂದೇ ದಿನದ ಒಂದೇ ಮಳೆ ಒಂದು ಹಿಂದೂ ಮನೆಯನ್ನೂ ಒಂದು ಮುಸ್ಲಿಂ ಮನೆಯನ್ನೂ ಬರಿದು ಮಾಡಿತು. ಇಂಥ ಊರಿನಲ್ಲಿ 'ಮಳೆ ಉಂಟಾ?' ಎಂದು ಕೇಳುವವರು ಮಳೆಯನ್ನು ಮಾತ್ರ ಕೇಳುತ್ತಿರುವುದಿಲ್ಲ. 'ನಿಮ್ಮ ಗೋಡೆ ಗಟ್ಟಿ ಉಂಟಾ, ಮಕ್ಕಳು ಮನೆಗೆ ಬಂದರಾ?' ಎಂಬುದೂ ಅದರೊಳಗೇ ಇರುತ್ತದೆ.

ಕಡಲಾಚೆ ದುಡಿಯುವವರ ಮಟ್ಟಿಗಂತೂ ಈ ಪ್ರಶ್ನೆ ಹಳೆಯದು. ಮೊಬೈಲ್ ಬರುವ ಮೊದಲು ಕಾಗದಗಳಲ್ಲಿಯೂ ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದ ಮಾತಿನಲ್ಲಿಯೂ ಮಳೆಯ ಸುದ್ದಿ ಇದ್ದೇ ಇರುತ್ತಿತ್ತು. 2024ರ ಏಪ್ರಿಲ್ 16ರಂದು ಪ್ರಶ್ನೆಯ ದಿಕ್ಕೇ ಬದಲಾಯಿತು. ಯುನೈಟೆಡ್ ಅರಬ್ ಎಮಿರೇಟ್ಸ್‌ನಲ್ಲಿ ಎಪ್ಪತ್ತೈದು ವರ್ಷಗಳ ದಾಖಲೆಯಲ್ಲೇ ಕಾಣದಂಥ ಮಳೆ ಸುರಿಯಿತು. ಅಲ್ ಐನ್ ಪ್ರದೇಶದ ಒಂದು ಕೇಂದ್ರದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಮಳೆ ದಾಖಲಾಯಿತು. ಇಡೀ ವರ್ಷಕ್ಕೂ ಅಷ್ಟು ಮಳೆ ಕಾಣದ ನಾಡಿನಲ್ಲಿ ರಸ್ತೆಗಳು ಹೊಳೆಗಳಾದವು. ಆಗ ಏಪ್ರಿಲ್‌ನ ಸೆಕೆಯಲ್ಲಿ ಬೇಯುತ್ತಿದ್ದ ನಮ್ಮ ಊರಿನವರು ಮರಳುಗಾಡಿನಲ್ಲಿದ್ದ ತಮ್ಮವರನ್ನು 'ಮಳೆ ನಿಂತಿತಾ?' ಎಂದು ಕೇಳಬೇಕಾಯಿತು.

ಆದ್ದರಿಂದ ಹಿರಿಯರ ಆಕ್ಷೇಪವನ್ನು ಪೂರ್ತಿ ಒಪ್ಪಲಾಗದು. ದೂರದಿಂದ ಆಡಿದ ಮಾತೂ ಆಸರೆಯಾಗಬಲ್ಲದು.

ಹೂವು ಯಾರದು?

ಹೂವಿನ ಮಾತಿಗೂ ಇಂಥದ್ದೇ ಅರ್ಥವಿದೆ. ಶಂಕರಪುರದ ಮಲ್ಲಿಗೆಯನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ಎಂಟುನೂರು ಮೊಗ್ಗುಗಳ ದಂಡೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮಳೆಗಾಲದಲ್ಲಿ ಗಿಡಗಳು ಹೂ ಬಿಡುವುದು ಕಡಿಮೆಯಾಗಿ ದರ ಏರುತ್ತದೆ. 'ಅಟ್ಟೆಗೆ ಇವತ್ತು ಎಷ್ಟು?' ಎಂಬ ಪ್ರಶ್ನೆಯನ್ನು ಮದುವೆ ಹತ್ತಿರ ಬಂದ ಎಲ್ಲ ಮನೆಯವರೂ ಕೇಳುತ್ತಾರೆ. ಅದನ್ನು ಬೆಳೆಯುವವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಬ್ಯಾರಿ ಮನೆಯ ಮದುಮಗಳ ಜಡೆಗೆ ಮಲ್ಲಿಗೆಯಿಲ್ಲದೆ ಮದರಂಗಿಯ ರಾತ್ರಿ ಕಳೆಯುವುದಿಲ್ಲ. ಸೋಣ ತಿಂಗಳಲ್ಲಿ ತುಳುವ ಮನೆಗಳ ಹೆಂಗಸರು ಹೊಸ್ತಿಲಿಗೆ ಹೂವಿಡುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಕ್ರೈಸ್ತ ಮಕ್ಕಳು ತೋಟ, ಬೇಲಿಗಳಿಂದ ಕೊಯ್ದ ಹೂಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಇಗರ್ಜಿಗೆ ಹೋಗುತ್ತಾರೆ.

ಮಳೆ, ಹೂವುಗಳ ಬಗ್ಗೆ ಮಾತಾಡುವಾಗ ಯಾರೂ ತಮ್ಮ ಪಂಗಡವನ್ನು ಸಮರ್ಥಿಸಿಕೊಳ್ಳಬೇಕಾಗಿಲ್ಲ. ಒಂದು ದೇವಸ್ಥಾನದ ರಸ್ತೆಯ, ಒಂದು ಮಸೀದಿಯ ಕಂಪೌಂಡಿನ, ಒಂದು ಮೆರವಣಿಗೆಯ ಮಾತು ಬಂದರೆ ನಾವು ಪದಗಳನ್ನು ತೂಗಿ ತೂಗಿ ಬರೆಯಬೇಕಾಗುತ್ತದೆ. ರೆಂಜೆ ಹೂವಿನ ಪರಿಮಳದ ಬಗ್ಗೆ ಬರೆಯುವಾಗ ಆ ತೂಗುವಿಕೆ ಬೇಡ. ಆ ಹೊತ್ತು ಎಲ್ಲರೂ ನಿರಾಯುಧರು. ಕೋಮು ಗಲಭೆಗಳ ನೆನಪು ಹೊತ್ತ ಒಂದು ಜಿಲ್ಲೆಗೆ ಇದು ಸಣ್ಣ ಅನುಗ್ರಹವೇನಲ್ಲ.

ಆದರೆ ಇಲ್ಲಿಯೇ ಒಂದು ಸಂದೇಹವೂ ಏಳುತ್ತದೆ. ನಾವು ಮಳೆ, ಹೂವುಗಳ ಬಗ್ಗೆ ಮಾತಾಡುವುದು ಅವು ನಮಗೆ ಇಷ್ಟವೆಂದೋ, ಉಳಿದದ್ದನ್ನು ಮಾತಾಡಲು ಹೆದರಿಕೆಯೆಂದೋ? ಮಳೆ ಬರುವಾಗ ಮರದಡಿ ನಿಂತವನು ಮಳೆ ಬಿಟ್ಟ ಮೇಲೆ ದಾರಿ ಹಿಡಿಯುತ್ತಾನೆ. ಮಳೆ ಬಿಟ್ಟ ಮೇಲೂ ಮರದಡಿಯಿಂದ ಕದಲದವನನ್ನು ಅಲ್ಲಿ ನಿಲ್ಲಿಸಿರುವುದು ಮಳೆಯಲ್ಲ, ಬೇರೇನೋ.

ಮುಂದಕ್ಕೆ ಹೋಗುವ ದಿನಾಂಕ

'ಸೇರುವಾ' ಎಂಬ ಮಾತು ಬಂದಾಗ ತೊಕ್ಕೊಟ್ಟಿನ ಹೆಸರು ತಾನಾಗಿಯೇ ಬರುತ್ತದೆ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದರೆ ತೊಕ್ಕೊಟ್ಟು. ಅಲ್ಲಿಂದ ಒಂದು ದಾರಿ ಉಳ್ಳಾಲಕ್ಕೆ, ಒಂದು ದೇರಳಕಟ್ಟೆ, ಕೊಣಾಜೆಗಳ ಕಡೆಗೆ, ಹೆದ್ದಾರಿ ತಲಪಾಡಿ ದಾಟಿ ಕಾಸರಗೋಡಿಗೆ. ಉಳ್ಳಾಲದ ರೈಲು ನಿಲ್ದಾಣವಿರುವುದೂ ಇಲ್ಲಿಯೇ. ವಿಶ್ವವಿದ್ಯಾಲಯದ ಹುಡುಗಿಗೂ, ಮಂಜೇಶ್ವರದ ಮೇಷ್ಟ್ರಿಗೂ, ರಜೆಯಲ್ಲಿ ಬಂದ ಗಲ್ಫ್ ಉದ್ಯೋಗಿಗೂ ಇಲ್ಲಿ ಬಸ್ಸಿಳಿಯುವುದು ಸುಲಭ. ಸೋಮೇಶ್ವರದ ಕಡಲ ತೀರವೂ ದೂರವಿಲ್ಲ. ಗೋಳಿಬಜೆಯೋ ಪತ್ರೊಡೆಯೋ, ಯಾರು ಏನು ತರುವುದು ಎಂಬ ಚರ್ಚೆಯೂ ಆಗುತ್ತದೆ.

ಅನಂತರ ದಿನ ಮುಂದಕ್ಕೆ ಹೋಗಲು ಶುರುವಾಗುತ್ತದೆ. ಮಳೆ ಬಿಡಲಿ ಎನ್ನುತ್ತಾರೆ. ಆಟಿ ಕಳೆಯಲಿ, ಪರೀಕ್ಷೆ ಮುಗಿಯಲಿ, ರಮಝಾನ್ ಆಗಲಿ ಎನ್ನುತ್ತಾರೆ. ಕೆಲವರು 'ನೋಡುವಾ' ಎನ್ನುತ್ತಾರೆ. ನಮ್ಮವರು 'ಇನ್‌ಶಾ ಅಲ್ಲಾಹ್' ಎನ್ನುತ್ತಾರೆ. ನಾಳೆ ಮಾಡುತ್ತೇನೆ ಎನ್ನುವಾಗ ದೇವನಿಚ್ಛೆಯನ್ನು ಸೇರಿಸಿ ಹೇಳಬೇಕೆಂದು ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯ ಕಲಿಸುತ್ತದೆ. ಮಾಡಲೇಬೇಕೆಂದು ನಿರ್ಧರಿಸಿದವನಿಗೆ ವಿನಯ ಕಲಿಸುವ ಪಾಠವದು. ಬರುವ ಮನಸ್ಸಿಲ್ಲದವನಿಗೆ ನುಣುಚಿಕೊಳ್ಳಲು ಕೊಟ್ಟ ಪದವಲ್ಲ. ಮನಸ್ಸಿನಲ್ಲೇ 'ಇಲ್ಲ' ಎಂದು ತೀರ್ಮಾನಿಸಿ ಬಾಯಲ್ಲಿ ದೇವನ ಹೆಸರು ಹೇಳುವುದು ಗೆಳೆಯನಿಗೆ ಮಾಡುವ ವಂಚನೆ ಮಾತ್ರವಲ್ಲ ಎಂಬುದನ್ನು ನಾವು ಯೋಚಿಸಬೇಕು.

ಹೀಗೆ ನುಣುಚಿಕೊಳ್ಳುವವರೆಲ್ಲ ಸೋಮಾರಿಗಳೇ? ಹಾಗೆನ್ನುವುದು ಅನ್ಯಾಯವಾದೀತು. ಯಾರೂ ಬರೆಯದ, ಆದರೆ ಎಲ್ಲರಿಗೂ ಗೊತ್ತಿರುವ ಒಂದು ಕಾರಣವಿದೆ. 2023ರ ಜೂನ್ 1ರ ಸಂಜೆ ಸೋಮೇಶ್ವರದ ಕಡಲ ತೀರಕ್ಕೆ ಬಂದಿದ್ದ ಕೇರಳ ಮೂಲದ ವಿದ್ಯಾರ್ಥಿ, ವಿದ್ಯಾರ್ಥಿನಿಯರ ಗುಂಪಿನ ಮೂವರು ಯುವಕರ ಮೇಲೆ ಹಲ್ಲೆಯಾಯಿತು. ಹುಡುಗರು ಮುಸ್ಲಿಮರಾಗಿದ್ದುದು, ಜೊತೆಗಿದ್ದ ಹುಡುಗಿಯರು ಹಿಂದೂಗಳಾಗಿದ್ದುದು ಅದಕ್ಕೆ ನೆಪವಾಯಿತು. ಪೊಲೀಸರು ಪ್ರಕರಣ ದಾಖಲಿಸಿ ಆರೋಪಿಗಳನ್ನು ಬಂಧಿಸಿದರು. ಅದಕ್ಕೂ ಹಿಂದೆ, 2012ರ ಜುಲೈ 28ರಂದು, ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ದಾಳಿಯಾಗಿತ್ತು. 2009ರ ಜನವರಿ 24ರಂದು ನಗರದ ಪಬ್ಬಿನಲ್ಲಿ ಯುವತಿಯರನ್ನು ಥಳಿಸಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ, ಹೋಂಸ್ಟೇ ಪ್ರಕರಣದವರು 2024ರಲ್ಲಿ ಖುಲಾಸೆಗೊಂಡರು. ಇಂಥ ಕಾವಲುಗಾರಿಕೆ ಒಂದೇ ಸಮುದಾಯದ ಸೊತ್ತೂ ಅಲ್ಲ. 'ನಮ್ಮ ಹುಡುಗಿ ಅವರ ಜೊತೆ ಯಾಕೆ ಕೂತಿದ್ದಾಳೆ' ಎಂದು ಕೇಳುವವರು ಎಲ್ಲ ಕಡೆಯೂ ಇದ್ದಾರೆ.

ಈಗ 'ಮಳೆ ಬಿಡಲಿ' ಎಂಬ ಮಾತಿನ ನಿಜವಾದ ಅರ್ಥ ತಿಳಿಯುತ್ತದೆ. ಜೂನಿನಲ್ಲಿ ಸೋಮೇಶ್ವರದ ಕಡಲು ನಮ್ಮನ್ನು ದಡದಿಂದ ದೂರವಿಡುತ್ತದೆ. ಅದನ್ನು ನಾವು ಒಪ್ಪುತ್ತೇವೆ. ಕಡಲು ಯಾರ ಹೆಸರನ್ನೂ ಕೇಳುವುದಿಲ್ಲ. ಡಿಸೆಂಬರಿನಲ್ಲಿ ಕಡಲು ಶಾಂತವಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಆಗ ನಮ್ಮನ್ನು ದೂರವಿಡುವವರು ಯಾರು?

ಉಪ್ಪು ಮತ್ತು ಉನ್ಸ್

ಮುಖ ಕಾಣದೆಯೇ ಸ್ನೇಹ ಉಳಿಯುವುದಾದರೆ ಇಷ್ಟೆಲ್ಲ ಅಪಾಯಕ್ಕೆ ಯಾಕೆ ಇಳಿಯಬೇಕು ಎಂದು ಯಾರಾದರೂ ಕೇಳಬಹುದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ನೀತಿಶಾಸ್ತ್ರದ ತನ್ನ ಗ್ರಂಥದಲ್ಲಿ ಎರಡು ಭಾಗಗಳನ್ನು ಸ್ನೇಹಕ್ಕೇ ಮೀಸಲಿಟ್ಟಿದ್ದಾನೆ. ಲಾಭಕ್ಕಾಗಿ ಕೂಡುವ ಸ್ನೇಹ, ಸಂತೋಷಕ್ಕಾಗಿ ಕೂಡುವ ಸ್ನೇಹ, ಒಬ್ಬರ ಒಳ್ಳೆಯತನವನ್ನು ಇನ್ನೊಬ್ಬರು ಕಂಡು ಕೂಡುವ ಸ್ನೇಹ ಎಂದು ಅವನು ಮೂರು ಬಗೆ ಮಾಡುತ್ತಾನೆ. ಮೂರನೆಯದಕ್ಕೆ ಕಾಲ ಬೇಕು, ಒಡನಾಟ ಬೇಕು. ಒಟ್ಟಿಗೆ ಸಾಕಷ್ಟು ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ತನ್ನ ಕಾಲದ ಗಾದೆಯನ್ನು ಅವನು ನೆನಪಿಸುತ್ತಾನೆ. ಉಪ್ಪಿನ ಋಣದ ಮಾತು ನಮಗೇನೂ ಹೊಸತಲ್ಲ. ಒಂದೇ ತಟ್ಟೆಯಿಂದ ತಿಂದವರ ನಡುವೆ ಒಂದು ಹೊಣೆ ಹುಟ್ಟುತ್ತದೆ ಎಂದು ನಮ್ಮ ಅಜ್ಜಿಯಂದಿರು ಅರಿಸ್ಟಾಟಲನನ್ನು ಓದದೆಯೇ ತಿಳಿದಿದ್ದರು.

ಅರಿಸ್ಟಾಟಲನನ್ನು ಓದಿ ಮುಂದೆ ಯೋಚಿಸಿದವರಲ್ಲಿ ಒಬ್ಬರು ಇಬ್ನ್ ಮಿಸ್ಕವೈಹ್. ಇರಾನಿನ ರೈ ನಗರದವರಾದ ಇವರು ಬುವೈಹಿ ಆಡಳಿತಗಾರರ ಬಳಿ ಗ್ರಂಥಪಾಲರಾಗಿದ್ದರು. 1030ರಲ್ಲಿ ತೀರಿಕೊಂಡರು. 'ತಹ್ದೀಬುಲ್ ಅಖ್ಲಾಕ್' ಎಂಬ ಕೃತಿಯಲ್ಲಿ ಇವರು 'ಇನ್ಸಾನ್' ಎಂಬ ಪದವೇ 'ಉನ್ಸ್', ಅಂದರೆ ಒಡನಾಟದ ಪ್ರೀತಿ, ಎಂಬುದರಿಂದ ಬಂದದ್ದೆಂದು ವಾದಿಸುತ್ತಾರೆ. ದಿನಕ್ಕೆ ಐದು ಬಾರಿ ಓಣಿಯವರು, ವಾರಕ್ಕೊಮ್ಮೆ ಊರಿನವರು, ವರ್ಷಕ್ಕೆರಡು ಬಾರಿ ಊರು ಮತ್ತು ಸುತ್ತಲಿನ ಹಳ್ಳಿಗಳವರು, ಬದುಕಿನಲ್ಲೊಮ್ಮೆ ಲೋಕದ ಜನರೆಲ್ಲ ಒಂದೆಡೆ ಸೇರಬೇಕೆಂದು ಧರ್ಮ ವಿಧಿಸಿದ್ದು ಈ ಉನ್ಸ್ ಬೆಳೆಯಲೆಂದೇ ಎನ್ನುತ್ತಾರೆ ಅವರು. ಒಬ್ಬನೇ ಕೂತು ಪ್ರಾರ್ಥಿಸಬಹುದಾಗಿದ್ದರೂ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕೆಂದದ್ದರಲ್ಲಿ ಮನುಷ್ಯ ಸ್ವಭಾವದ ಅರಿವಿದೆ. ಪರಸ್ಪರ ಕಾಣದವರ ಬಗ್ಗೆ ಯಾರು ಏನು ಹೇಳಿದರೂ ನಂಬುವುದು ಸುಲಭ. ಪಕ್ಕದಲ್ಲಿ ಕೂತು ಉಂಡವನ ಬಗ್ಗೆ ಹಬ್ಬಿಸಿದ ಸುಳ್ಳನ್ನು ನಂಬುವುದು ಅಷ್ಟು ಸುಲಭವಲ್ಲ.

ಆದರೆ ಈ ತರ್ಕವನ್ನು ತೀರಾ ಎಳೆಯಬಾರದು. ಹಾಸಿಗೆ ಹಿಡಿದ ರೋಗಿ ಬರಲಾರ. ರಜೆ ಸಿಗದ ಗಲ್ಫ್ ಕಾರ್ಮಿಕ ಬರಲಾರ. ಮನೆಯಿಂದ ಒಪ್ಪಿಗೆ ಸಿಗದ ಹೆಣ್ಣುಮಗಳು ಬರಲಾರಳು. ಕಿಟಕಿಯಲ್ಲಿ ಕಂಡ ಒಂದು ಹೂವಿನ ಚಿತ್ರ ಕಳಿಸುವುದು ಅವರಿಂದಾಗುವ ಪೂರ್ತಿ ಹಾಜರಿ. ಅದನ್ನು ಅರ್ಧ ಸ್ನೇಹ ಎಂದು ಅಳೆಯುವ ಹಕ್ಕು ಯಾರಿಗೂ ಇಲ್ಲ. ಬಂದರೋ ಇಲ್ಲವೋ ಎಂಬುದಕ್ಕಿಂತ, ಬರಬಲ್ಲವರು ಬಂದರೋ ಎಂದು ಕೇಳಬೇಕು.

ಹೊರೆ ಯಾರ ತಲೆಗೆ?

ಬರಬಲ್ಲವರೆಲ್ಲರ ಮೇಲೂ ಒಂದೇ ತೂಕದ ಹೊರೆ ಇಲ್ಲ ಎಂಬುದನ್ನೂ ಗಮನಿಸಬೇಕು. 'ಧೈರ್ಯ ಮಾಡಿ ಬನ್ನಿ' ಎಂದು ಎಲ್ಲರಿಗೂ ಹೇಳುವುದು ಕೇಳಲು ಚೆಂದ. ಆದರೆ ಪೆಟ್ಟು ಬಿದ್ದರೆ ಬೀಳುವುದು ಕೆಲವರ ಬೆನ್ನಿಗೆ. ಯುವಕನ ಮೈಗೆ ಗಾಯವಾಗುತ್ತದೆ. ಯುವತಿಯ ಚಿತ್ರ ಊರೆಲ್ಲ ಹರಿದಾಡಿ ಅವಳ ಓದು ನಿಲ್ಲುತ್ತದೆ. ಉಳಿದವರು ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ಭೇಟಿಯನ್ನು ಸುರಕ್ಷಿತಗೊಳಿಸುವ ಹೊಣೆ ಪೆಟ್ಟು ತಟ್ಟದವರದ್ದು. ಗುಂಪಿನ ಹಿರಿಯರು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು, ಮಕ್ಕಳ ತಂದೆ ತಾಯಂದಿರು ಮೊದಲು ಎದ್ದು ನಿಲ್ಲಬೇಕು. 'ನನ್ನ ಮನೆಗೆ ಬನ್ನಿ, ನಮ್ಮ ಮನೆಯವರೂ ಇರುತ್ತಾರೆ' ಎಂದು ಅವರಲ್ಲಿ ಒಬ್ಬರು ಹೇಳಿದರೆ ಅರ್ಧ ಭಯ ಕರಗುತ್ತದೆ.

ಮನೆಯೊಳಗೆ ಸೇರುವುದೆಂದರೆ ಕಡಲ ತೀರವನ್ನು ಬಿಟ್ಟುಕೊಟ್ಟಂತಲ್ಲವೇ? ಈ ಆಕ್ಷೇಪ ನ್ಯಾಯವಾದದ್ದೇ. ಶಸ್ತ್ರಗಳಿಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನು ನಮ್ಮ ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಆ ಹಕ್ಕನ್ನು ಚಾವಡಿಯ ನಾಲ್ಕು ಗೋಡೆಗೆ ಸೀಮಿತಗೊಳಿಸಿಕೊಳ್ಳುವುದು ಸರಿಯಲ್ಲ. ಆದರೆ ಮೊದಲ ಭೇಟಿಯೇ ಹೋರಾಟವಾಗಬೇಕೆಂದಿಲ್ಲ. ಮೊದಲು ಒಂದು ಮನೆಯ ಜಗಲಿ, ಮುಂದಿನ ಸಲ ಇನ್ನೊಂದು ಧರ್ಮದವರ ಮನೆಯ ಜಗಲಿ, ಆಮೇಲೆ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹಗಲು ಹೊತ್ತು ತೀರಕ್ಕೆ ಹೋಗಬಹುದು. ಒಂದೇ ಗುಂಪಿನಲ್ಲಿ ಬುರ್ಖಾ ಧರಿಸಿದ ತಾಯಿ, ಮಲ್ಲಿಗೆ ಮುಡಿದ ಅತ್ತೆ, ಶಿಲುಬೆಯ ಸರ ತೊಟ್ಟ ಟೀಚರ್ ಕೂತು ಕಡಲೆಕಾಯಿ ಬಿಡಿಸುತ್ತಿದ್ದರೆ, ಹೆಸರು ಕೇಳುತ್ತಾ ಬರುವವನಿಗೂ ಒಂದು ಕ್ಷಣ ತಡವರಿಕೆಯಾಗುತ್ತದೆ.

ಇದಾವುದೂ ಆಗದ ಸಂದರ್ಭದಲ್ಲೂ ಮಾಡಬಹುದಾದ ಒಂದು ಕೆಲಸವಿದೆ. ಭಯವನ್ನು ಭಯವೆಂದೇ ಹೇಳುವುದು. 'ಮಳೆ ಬಿಡಲಿ' ಎಂದು ಬರೆಯುವ ಬದಲು 'ನನಗೆ ಹೆದರಿಕೆಯಾಗುತ್ತದೆ' ಎಂದು ಬರೆದರೆ ಗೆಳೆಯರಿಗೆ ನೆರವಾಗಲು ಒಂದು ದಾರಿ ತೆರೆಯುತ್ತದೆ. ಊರಿನಲ್ಲಿ ಯಾರಿಗೋ ಪೆಟ್ಟು ಬಿದ್ದ ದಿನ ಎಲ್ಲರೂ ಮೌನವಾಗಿದ್ದು ಮರುದಿನ ಬೆಳಗ್ಗೆ ಮತ್ತೆ ಹೂವಿನ ಚಿತ್ರ ಹಾಕಿದರೆ, ಆ ಪೆಟ್ಟು ತಿಂದವರ ಕಡೆಯವನಿಗೆ ಹೂವೂ ಚುಚ್ಚುತ್ತದೆ. ಅಂಥ ದಿನ 'ನೀವು ಹುಷಾರಿದ್ದೀರಾ?' ಎಂಬ ಒಂದು ಸಾಲು ಸಾಕು. ಗೋಡೆ ಕುಸಿದ ದಿನ ನಾವು ಅದನ್ನು ಕೇಳುತ್ತೇವೆ. ಮನುಷ್ಯರೇ ಮನುಷ್ಯರ ಮೇಲೆ ಕುಸಿದ ದಿನವೂ ಅದನ್ನು ಕೇಳಬೇಕಲ್ಲವೇ?

ನೋಡದೆಯೂ ಸ್ನೇಹ ಹುಟ್ಟಬಹುದು. ಮಳೆ, ಮಲ್ಲಿಗೆಗಳ ಮಾತಿನಲ್ಲಿ ಅದು ಎಷ್ಟೋ ವರ್ಷ ಬಾಳಬಹುದು. ಆದರೆ 'ಸೇರುವಾ' ಎಂದವರು ಒಂದು ಸಾಲ ಮಾಡಿದ್ದಾರೆ. ಕೊಟ್ಟ ಮಾತಿನ ಬಗ್ಗೆ ವಿಚಾರಣೆಯಿದೆ ಎಂದು ನಂಬುವವರು ಆ ಸಾಲವನ್ನು ಋತುವಿನಿಂದ ಋತುವಿಗೆ ದೂಡುತ್ತಾ ಹೋಗಬಾರದು. ಈ ವರ್ಷದ ಮಳೆಯೂ ಬಿಡುತ್ತದೆ. ಆಗ ಪೆಟ್ಟಿನ ಭಯ ಅತ್ಯಂತ ಕಡಿಮೆಯಿರುವವರೇ ಮೊದಲು ದಿನವನ್ನೂ ಜಾಗವನ್ನೂ ಬರೆಯಲಿ.